ತಿದ್ದೋಲೆ

ಮೊಳೆ ಜೋಡಿಸೋ ಮಂದಿ ಅಕ್ಷರ ತಿರುವಿ ಓದತೇವಿ,
ಕನ್ನಡ್ಯಾಗಿನ ಮಾರಿ ಓದಿಧಂಗ.
ಗುಳೇದಗುಡ್ಡದ ನಮ್ಮ ಪ್ರೆಸ್ಸಿನ್ಯಾಗ
‘ಶ್ರೀ’ ಸವೆದು ಬೋಳಾಗಿತ್ತು:
ಲಗ್ನಪತ್ರಿಕಿ, ಪುಣ್ಯತಿಥಿ, ಸಾಹುಕಾರ್ರ ಬಿಲ್ಲು.
ಕ-ಒತ್ತು ಮಾತ್ರ ಮಿಂಚತಿದ್ದುವು, ಖಾನೆಯೊಳಗ ಇಪ್ಪತ್ತಮೂರು.
ಯಾರಿಗೆ ಬೇಕಿದ್ದುವು ಅಷ್ಟು, ಚಿಕ್ಕಮಕ್ಕಳ ಕರಿಯೂದು ಬಿಟ್ಟರ?

ಇರಸಂಗಪ್ಪ ಮಾಸ್ತರ್ರು
ಪೆನ್ಸಿಲ್ಲಿಲೆ ಬರಕೊಂಡ ಬಂದ್ರು, ಮೂವತ್ತೆರಡ ಪುಟ.
‘ಮಗ್ಗ ಯಾರದು?’
ನಾಕನೇ ಪುಟಕ್ಕ ಕ-ಒತ್ತು ಮುಗದುವು.
ಹಕ್ಕು, ಹಕ್ಕು, ಹಕ್ಕು.
ಅಚ್ಚಾದ ಹಕ್ಕು ಬಿಚ್ಚಿ, ಸೀಮೆಎಣ್ಣಿಲೆ ತೊಳದು,
ಮುಂದಿನ ಹಕ್ಕಿಗೆ ಹಚ್ಚಿದೆ, ಹದಿನೇಳ ರಾತ್ರಿ.

“ಸರಕಾರಿ ಸಾಲಿ ಮಾಸ್ತರ ಅದೀರಿ, ಹೆಸರ ಬ್ಯಾಡ್ರಿ” ಅಂದೆ.
“ಹೆಸರಿಲ್ಲದ ಮಾತು ಚಾಡಿ ಆಕ್ಕೈತೋ ರಾಜಾಸಾಬ.”
ಹಾಕಸಿದ್ರು. ಮನಿ ವಿಳಾಸ ಸೈತ.

ಐದನೂರು ಪ್ರತಿ, ನಾಕಾಣೆಕ್ಕೊಂದು, ಸಂತಿ ದಿನ.
ಮರುದಿನ ಚಾದಂಗಡ್ಯಾಗ ಅವರ ಬಾಜೂ ಬಾಕು ಖಾಲಿ.
ಅವರ ಮನಿಗೆ ರೇಷಿಮಿ ಕೊಡೂದು ನಿಂತಿತು.
ತಿಂಗಳದೊಳಗ ವರ್ಗ, ಇಂಡಿ ಕಡೆ ಯಾವದೋ ಒಂಟಿ ಖೋಲಿ ಸಾಲಿಗೆ,
ಅಲ್ಲಿ ಹೋಗಿ ಮುಟ್ಟೂದ್ರಾಗ ಅಮಾನತು.
ಹಿರೀ ಮಗಳ ನಿಶ್ಚಯ ಮುರೀತು.
ಆ ಲಗ್ನಪತ್ರಿಕಿ ನಾನ ಜೋಡಿಸಿ ಇಟ್ಟಿದ್ದೆ.
ನಾನ ಬಿಚ್ಚಿದೆ.

ಫೌಜದಾರ ಪ್ರೆಸ್ಸಿಗೆ ಬಂದು ಕೇಳಿದ:
“ಜೋಡಿಸಿದಾಂವ ನೀನಽ? ಏನ ಬರದಾನ ಓದಲಿಲ್ಲೇನು?”
“ಸಾಹೇಬ್ರ, ನಾವು ಅಕ್ಷರ ನೋಡತೇವಿ, ಓದಂಗಿಲ್ಲ.”
ಪುಟಪುಟಾನೂ ನನಗ ಬಾಯಿಪಾಠ ಇತ್ತು,
ಉಲ್ಟಾ ಸೈತ.

ಆದ್ರ ಸುಖಾನೂ ಬಂತು, ಅದನ್ನೂ ಹೇಳಬೇಕು.
ಇಳಕಲ್ಲಿನಿಂದ, ಬನಹಟ್ಟಿಯಿಂದ ಹುಡುಗೂರು ಬಂದ್ರು,
ಹಾರ ಹಾಕಿ ಟ್ರಕ್ಕಿನ ಮ್ಯಾಲ ನಿಲ್ಲಿಸಿದ್ರು.
ಮಾಸ್ತರ್ರು ಬಾಯಿ ತಗಿಯೂಕಿಂತ ಮೊದಲ
ಅವರ ಸಾಲು ಮಂದಿ ಬಾಯಾಗ: “ಮಗ್ಗ ನೇಯ್ದವನದು!”
ಗ್ವಾಡಿ ಗ್ವಾಡಿಗೂ ಸುಣ್ಣದಾಗ, ಪುಟ ಹತ್ತೊಂಬತ್ತು.

ಎರಡ ವರ್ಷಕ್ಕ ಒಂದ ರಾತ್ರಿ ಪ್ರೆಸ್ಸಿಗೆ ಬಂದ್ರು.
ನೌಕರಿ ಇಲ್ಲದ ಮನಶ್ಯಾ, ಹಗಲೆಲ್ಲಾ ಮನ್ಯಾಗ ಕುಂತು
ಮೊದಲನೇ ಸಲ ನೋಡಿದ್ರಂತ:
ಹೆಂಡ್ತಿ ಶಿವಗಂಗವ್ವ ಕೋಳಿ ಕೂಗೂದ್ರಾಗ ಕಂಡಿಕಿ ಸುತ್ತೂದು,
ಸಣ್ಣ ಮಗಳು ಹರದ ಎಳಿ ಹುಡುಕಿ ಗಂಟ ಹಾಕೂದು,
ಕೂಲಿ ಎಣಿಸೂದು ಮಾತ್ರ ಮಗ್ಗದ ಮ್ಯಾಲಿನ ತಮ್ಮ.
“ಮೂವತ್ತೆರಡ ಪುಟದಾಗ ಆಕಿ ಎಲ್ಲಿ ಅದಾಳೋ?
ಅರ್ಧಾ ತಪ್ಪು ಬರದೀನಿ. ಊರ ತುಂಬ ಬರಸೀನಿ.”

ಅಂಗೈಯಷ್ಟ ಚೀಟಿ ಅಚ್ಚ ಹಾಕಿದ್ವಿ:
ಪುಟ ೧೯, ಸಾಲು ೭. ‘ನೇಯ್ದವನದು’ ಎಂಬಲ್ಲಿ
‘ಸುತ್ತಿದವಳದು, ನೇಯ್ದವನದು’ ಎಂದು ಓದಿಕೊಳ್ಳಬೇಕು.

ಸಾಹುಕಾರ ನಕ್ಕ: “ಮಾಸ್ತರ ಮಾತ ನುಂಗಿದ.”
ಹುಡುಗೂರು ನಗಲಿಲ್ಲ.
“ಘೋಷಣೆ ಉದ್ದ ಆಕ್ಕೈತ್ರಿ. ಈಗ ಮನಿ ಮಾತು ಯಾಕ?”
ಅವರ ಪುಸ್ತಕ ಅವರ ಎದಿಗೇ ಹಿಡದು
“ಹಿಂಗ ಬರದವ್ರು ನೀವಽ ಅಲ್ರಿ?” ಅಂದ್ರು.
ಟ್ರಕ್ಕು ಮತ್ತ ಬರಲಿಲ್ಲ.
ಸರಕಾರ ಬಾಗಸಲಾರದ ಬೆನ್ನು
ಆ ಚಳಿಗಾಲ ನನ್ನ ಕಣ್ಣೆದುರಿಗೆ ಬಾಗಿತು.

ಚೀಟಿ ಯಾರೂ ಹಚ್ಚಲಿಲ್ಲ. ಕಟ್ಟು ಹಂಗ ಉಳೀತು.
ಶಿವಗಂಗವ್ವಗ ಓದಾಕ ಬರೂದಿಲ್ಲ;
ಕಾಗದ ದಪ್ಪ ಐತಿ ಅಂತ ಒಂದೊಂದ ಚೀಟಿ ಬಿಗಿ ಸುರುಳಿ ಮಾಡಿ
ಅದರ ಮ್ಯಾಲ ರೇಷಿಮಿ ಸುತ್ತಿದಳು.
ಲಾಳಿಯೊಳಗ ಕುಂತು ಆ ಸಾಲು
ಎಡಕ್ಕ ಬಲಕ್ಕ ಓಡ್ಯಾಡತಿತ್ತು, ವರ್ಷಗಟ್ಟಲೆ.

ಈಗ ಪ್ರೆಸ್ಸಿಲ್ಲ. ಮೊಳೆ ಕಿಲೋ ಲೆಕ್ಕದಾಗ ಹೋದುವು.
ನಂದೂ ಒಂದ ತಿದ್ದೋಲೆ ಉಳದೈತಿ, ಒಂದ ಸಾಲಿಂದು:
‘ಓದಂಗಿಲ್ಲ’ ಎಂಬಲ್ಲಿ ‘ಓದಿದ್ದೆ’.
ಯಾವ ಫೌಜದಾರನೂ ಬಂದು ಕೇಳವಲ್ಲ.